ಹೊಂಬಾಳಮ್ಮನ ಬಲಗೈ

ನಿಮ್ಮ ಕೈ ನಿಮ್ಮದೇ ಎಂದು ನಿಮಗೆ ಹೇಗೆ ಗೊತ್ತು? ಬೇರೆ ಯಾರಾದರೂ ಹೀಗೆ ಕೇಳಿದರೆ ತಲೆಹರಟೆ ಎಂದು ಬೈಯಬಹುದು. ನಾನು ಕೇಳಿದರೆ ಬೈಯುವಂತಿಲ್ಲ, ಅದು ನನ್ನ ಹೊಟ್ಟೆಪಾಡು. ನನ್ನ ಹೆಸರು ಸುಗುಣ. ಮೈಸೂರಿನ ನರಸೇತು ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಯಾರ ಕೈ ಯಾರದು, ಯಾರ ಕಾಲು ಯಾರದು ಎಂದು ಗೊತ್ತುಮಾಡುವ ಕೆಲಸ ಮಾಡುತ್ತಿದ್ದೇನೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕತ್ತಿನ ಮೂಳೆ ಮುರಿದವರಿಗೆ, ನರ ಕಡಿದುಹೋದವರಿಗೆ ಈಗ ಯಾರೂ ಹೊಸ ನರ ಜೋಡಿಸುವುದಿಲ್ಲ. ಕಡಿದ ಜಾಗದ ಆಚೆಗೊಂದು ಈಚೆಗೊಂದು ಅಕ್ಕಿಕಾಳಿನಷ್ಟು ಚಿಪ್ ಇಡುತ್ತಾರೆ. ಒಂದರಿಂದ ಹೊರಟ ಸಂಕೇತ ಗಾಳಿಯಲ್ಲಿ ನಮ್ಮ ಕೇಂದ್ರಕ್ಕೆ ಬಂದು, ಇಲ್ಲಿ ನರ ಮಾಡಬೇಕಾದ ಕೆಲಸವನ್ನೆಲ್ಲ ಮಾಡಿಸಿಕೊಂಡು, ಇನ್ನೊಂದಕ್ಕೆ ತಲುಪುತ್ತದೆ. ರೆಪ್ಪೆ ಮಿಟುಕಿಸುವುದಕ್ಕಿಂತ ಬೇಗ ಇದೆಲ್ಲ ಮುಗಿದಿರುತ್ತದೆ. ಕಾಲು ಕೆಳಗಿಡುವವರಿಗೆ ತಮ್ಮ ಹೆಜ್ಜೆ ಮೈಸೂರಿಗೆ ಹೋಗಿಬಂತು ಎಂಬುದು ತಿಳಿಯುವುದೂ ಇಲ್ಲ.

ಒಂದೊಂದು ನರದ ಕೆಲಸಕ್ಕೂ ನಮ್ಮಲ್ಲಿ ಒಂದೊಂದು ವರ್ಚುವಲ್ ಯಂತ್ರವಿದೆ. ಯಂತ್ರ ಎಂದರೆ ಕಬ್ಬಿಣದ್ದಲ್ಲ. ಕಬ್ಬಿಣದ ಕಪಾಟುಗಳು ನೆಲಮಾಳಿಗೆಯಲ್ಲಿ ಇಪ್ಪತ್ತೆಂಟೇ ಇವೆ. ಅವುಗಳೊಳಗೆ ಬರೀ ಲೆಕ್ಕಾಚಾರದಿಂದ ಹುಟ್ಟಿದ, ಮುಟ್ಟಲು ಸಿಗದ ಯಂತ್ರಗಳು ಅರವತ್ತು ಸಾವಿರ. ಅಷ್ಟು ಜನರ ನರಗಳು ಒಂದೇ ಸೂರಿನ ಕೆಳಗೆ ಒತ್ತಿಕೊಂಡಿರುವಾಗ ಹೊರಗೊಂದು ಕಾಂಪೌಂಡು ಹಾಕಿದರೆ ಸಾಲದು, ಒಬ್ಬೊಬ್ಬರ ಸುತ್ತಲೂ ಗೋಡೆ ಬೇಕು. ಆ ಗೋಡೆಯೇ ಫೈರ್‌ವಾಲ್. ಗೋಡೆಯೊಳಗೆ ಯಾವ ಯಾವ ಯಂತ್ರ ಇರಬೇಕು ಎಂದು ಹೇಳುವ ಪಟ್ಟಿಗೆ ಸೆಕ್ಯುರಿಟಿ ಗ್ರೂಪ್ ಎಂದು ಹೆಸರು. ನಮ್ಮ ಬಾಯಲ್ಲಿ ಬರೀ ಗುಂಪು. ಒಂದು ದೇಹಕ್ಕೆ ಒಂದು ಗುಂಪು. ಒಳಗಿರುವವರು ತಮ್ಮತಮ್ಮಲ್ಲಿ ಮಾತಾಡಬಹುದು, ಹೊರಗಿನವರ ಜೊತೆ ತುಟಿಪಿಟಕ್ಕೆನ್ನಬಾರದು. ಇದಿಷ್ಟೇ ನೀತಿ.

ಈ ಗುಂಪುಗಳನ್ನು ಕಟ್ಟುವವಳು ನಾನು. ನಾಲ್ಕು ಸಾವಿರಕ್ಕೂ ಹೆಚ್ಚು ದೇಹ ಕಟ್ಟಿದ್ದೇನೆ, ಒಂದರಲ್ಲೂ ತಪ್ಪಿಲ್ಲ ಎಂದು ಹೊಸಬರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಕೊಚ್ಚಿಕೊಳ್ಳುತ್ತಿದ್ದೆ ಎಂದು ಭೂತಕಾಲದಲ್ಲಿ ಹೇಳುತ್ತಿದ್ದೇನೆ, ಗಮನಿಸಿ.

ಫೆಬ್ರವರಿಯ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಒಂದು ಪತ್ರ ಬಂತು. ಗುರುಮಲ್ಲು ಎಂಬ ಲೈನ್‌ಮನ್, ವಯಸ್ಸು ನಲವತ್ತನಾಲ್ಕು, ಕಂಬದಿಂದ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ತಪ್ಪಿದವರು. ಅಕ್ಟೋಬರಿನಲ್ಲಿ ನರಸೇತು ಹಾಕಿಸಿಕೊಂಡ ಮೇಲೆ ಬಲಗೈನ ಎರಡು ಬೆರಳು ಆಡುತ್ತಿದ್ದವು. ಸ್ಪರ್ಶ ಮಾತ್ರ ಬರುವುದಿಲ್ಲ, ಅಂಗೈನ ನರ ಸತ್ತಿದೆ ಎಂದು ವೈದ್ಯರು ಕೈಚೆಲ್ಲಿದ್ದರು. ಆದರೆ ಕೆಲವೇ ದಿನಗಳಲ್ಲಿ ಅವರಿಗೆ ಆ ಕೈಯಲ್ಲಿ ಸ್ಪರ್ಶ ತಿಳಿಯತೊಡಗಿತು. ನಾಲ್ಕು ತಿಂಗಳಿಂದ ತಿಳಿಯುತ್ತಲೇ ಇದೆ. ವಿಚಿತ್ರವೆಂದರೆ ಅವರ ಅಂಗೈನ ಸ್ಪರ್ಶ ಹಿಡಿಯುವ ಚಿಪ್‌ನಿಂದ ಒಂದೇ ಒಂದು ಸಂಕೇತವೂ ಹೊರಟಿಲ್ಲ. ದಯವಿಟ್ಟು ಪರಿಶೀಲಿಸಿ.

"ಗುಂಪು ತೆಗೆದು ನೋಡ್ಲಾ ಮೇಡಂ?" ಎಂದ ನನ್ನ ಪಕ್ಕದ ಮೇಜಿನ ಇಮ್ತಿಯಾಜ್.

"ಆ ಗುಂಪು ಕಟ್ಟಿರೋದು ನಾನು," ಎಂದೆ.

ಸಂಕೇತ ದಾಖಲಿಸುವ ಉಪಕರಣ ಕೆಟ್ಟಿರಬೇಕು ಎಂದುಕೊಂಡು, ಹೊಸದೊಂದನ್ನು ಬ್ಯಾಗಿಗೆ ಹಾಕಿಕೊಂಡು ನಾನೇ ಹೊರಟೆ. ಜಂಬ ಎನ್ನುವುದು ಕಣ್ಣೆದುರಿನ ಪಟ್ಟಿಯನ್ನೂ ಓದಗೊಡುವುದಿಲ್ಲ.

ಗುರುಮಲ್ಲುವಿನ ಮನೆ ಮೈಸೂರಿನಲ್ಲೇ, ವಿದ್ಯುತ್ ಇಲಾಖೆಯ ಕ್ವಾರ್ಟರ್ಸಿನ ನೆಲಮಹಡಿಯಲ್ಲಿತ್ತು. ಅವನ ಹೆಂಡತಿ ರತ್ನಮ್ಮಣ್ಣಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು. ಗಂಡನ ಕೈಗೆ ಜೀವ ಬಂದ ಸುದ್ದಿಯನ್ನು ಅವಳು ಬೀದಿಗೆಲ್ಲ ಹೇಳಿದ್ದಳು. ಪಕ್ಕದ ಮನೆಯವರು ಆಗ ತಂದುಕೊಟ್ಟ ಸಿಹಿಯ ಖಾಲಿ ಡಬ್ಬಿ ಇನ್ನೂ ಟಿ.ವಿ. ಮೇಲಿತ್ತು.

"ನೋಡಿ ಮೇಡಂ, ದಿನಾ ಬೆಳಿಗ್ಗೆ ನಾನು ಕೈ ಹಿಡ್ಕೊಂಡು 'ತಿಳೀತಾ' ಅಂತ ಕೇಳ್ತೀನಿ. ಇವ್ರು 'ಹೂಂ' ಅಂತಾರೆ. ಹತ್ತು ವರ್ಷ ಮದುವೆ ಆಗಿ ಒಂದ್ಸಲಾನೂ ಕೈ ಹಿಡ್ಕೊಂಡು ಕೂತಿರ್ಲಿಲ್ಲ, ಈಗ ನೋಡಿ ನಮ್ ವೇಷ," ಎಂದು ನಗುತ್ತ ಕಾಫಿಗೆ ಹಾಲು ತರಲು ಹೋದಳು.

ಅವಳ ಚಪ್ಪಲಿ ಸದ್ದು ಗೇಟು ದಾಟಿತು. ಮಂಚದ ಮೇಲೆ ಮಲಗಿದ್ದ ಗುರುಮಲ್ಲು ಸೂರನ್ನೇ ನೋಡುತ್ತ, "ಮೇಡಂ, ಬಾಗ್ಲು ಹಾಕಿ," ಎಂದ.

ಹಾಕಿದೆ.

"ಇದು ನನ್ ಕೈ ಅಲ್ಲ."

ಉಪಕರಣ ಬಿಚ್ಚುತ್ತಿದ್ದ ನಾನು ಹಾಗೇ ನಿಂತೆ.

"ಮೂರನೇ ದಿನಾನೇ ಗೊತ್ತಾಯ್ತು," ಎಂದು ಅವನು ಹೇಳತೊಡಗಿದ. "ಬೆಳಿಗ್ಗೆ ಎದ್ರೆ ಒದ್ದೆ ಎಲೆ. ಕಂತೆ ಕಂತೆ ಎಲೆ ಮುಟ್ಟಿದ ಹಾಗೆ. ಆಮೇಲೆ ಅಂಗೈ ತುಂಬ ಏನೋ ಮೆತ್ತಗೆ, ತಣ್ಣಗೆ, ಹರಿದಾಡೋದು. ಒಂದಲ್ಲ, ನೂರಾರು. ಮೊದ್ಲು ಹಾವಿನ ಮರಿ ಅಂದ್ಕೊಂಡು ಕಿರುಚ್ಬಿಟ್ಟೆ. ಇವ್ಳು ಕೈಗೆ ಜೀವ ಬಂತು ಅಂತ ಕುಣಿದ್ಲು. ಆಮೇಲಾಮೇಲೆ ಭಯ ಹೋಯ್ತು. ಎಂಟು ಗಂಟೆಗೆ ಒಂದು ಪುಟ್ಟ ತಲೆ. ಎಣ್ಣೆ ಹಚ್ಚಿ, ಮೂರು ಕಾಲು ಮಾಡಿ ಜಡೆ ಹೆಣೆಯೋದು. ಆ ಮಗು ತಲೆ ಅಲ್ಲಾಡಿಸತ್ತೆ, ಕೈ ತಲೆ ಮೇಲೆ ಒಂದು ಮೊಟಕತ್ತೆ." ಅವನು ನಕ್ಕ. "ನಮಗೆ ಮಕ್ಕಳಿಲ್ಲ ಮೇಡಂ."

"ಹಾಗಾದ್ರೆ ನಿಮ್ಮ ಹೆಂಡತಿ ಕೈ ಹಿಡಿದಾಗ?"

"ಏನೂ ಗೊತ್ತಾಗಲ್ಲ. 'ಹೂಂ' ಅಂತೀನಿ." "ಬೇರೆ ಯಾರ್ದೋ ಹಗಲೆಲ್ಲ ನನ್ ಕೈಯಲ್ಲಿದೆ. ನನ್ ಹೆಂಡ್ತಿ ಕೈ ಒಂದು ಮಾತ್ರ ಇಲ್ಲ. ಒಂದೇ ಒಂದ್ಸಲ ಅದು ಸಿಕ್ಕಿದ್ರೆ ಸಾಕಾಗಿತ್ತು. ಬಾಯಿಬಿಟ್ಟು ಹೇಳಿದ್ರೆ ನೀವು ಇದನ್ನೂ ಕಿತ್ಕೊಳ್ತೀರ, ಇವ್ಳೂ ಸೋತೋಗ್ತಾಳೆ ಅಂತ ಸುಮ್ನಿದ್ದೆ. ಆದ್ರೆ ಆ ಮಗು ನಮ್ಮದಲ್ವಲ್ಲ ಮೇಡಂ. ಅವರಮ್ಮನಿಗೆ ಗೊತ್ತಾ ಇದು?"

ರತ್ನಮ್ಮಣ್ಣಿ ತಂದ ಕಾಫಿಯನ್ನು ಸುಡುಸುಡುವಾಗಲೇ ಕುಡಿದು, ನಾಲಗೆ ಸುಟ್ಟುಕೊಂಡು ಹೊರಗೆ ಬಂದೆ.

ಕೇಂದ್ರಕ್ಕೆ ಬಂದು ಗುಂಪು ತೆರೆದರೆ ತಪ್ಪು ಕಣ್ಣಿಗೆ ರಾಚುತ್ತಿತ್ತು. ಗುಂಪಿಗೆ ಯಂತ್ರಗಳನ್ನು ಸೇರಿಸಲು ಎರಡು ದಾರಿ. ಒಂದು, ಚೀಟಿಯ ದಾರಿ: ಪ್ರತಿ ಯಂತ್ರಕ್ಕೂ ರೋಗಿಯ ಸಂಖ್ಯೆಯ ಚೀಟಿ ಅಂಟಿಸಿರುತ್ತೇವೆ, ಈ ಸಂಖ್ಯೆ ಇರುವವರೆಲ್ಲ ಬನ್ನಿ ಎಂದರೆ ತಾವಾಗಿ ಬಂದು ಸೇರುತ್ತವೆ. ಇನ್ನೊಂದು, ಚೀಟಿ ಇಲ್ಲದ ಹಳೆಯ ಯಂತ್ರಗಳನ್ನು ಹೆಸರು ಹಿಡಿದು ಕೈಯಾರೆ ಸೇರಿಸುವುದು. ಗುರುಮಲ್ಲುವಿನ ಗುಂಪಿನಲ್ಲಿ ಚೀಟಿಯ ಭಾಗ ಸರಿಯಾಗಿತ್ತು. ಅದರ ಕೆಳಗೆ, ಕೈಯಾರೆ ಸೇರಿಸಿದ ಸದಸ್ಯರ ಸಾಲಿನಲ್ಲಿ, ಒಂದೇ ಒಂದು ಹೆಸರಿತ್ತು: ಹೊಂಬಾಳಮ್ಮ, ಬಲ ಅಂಗೈ, ಸ್ಪರ್ಶ.

ಗುಂಪು ಹುಟ್ಟಿದ ದಿನಾಂಕ ನೋಡಿದೆ. ಆಯುಧಪೂಜೆಯ ದಿನ.

ಎಲ್ಲ ನೆನಪಾಯಿತು. ಆ ದಿನ ನಮ್ಮಲ್ಲಿ ಹನ್ನೊಂದು ಗಂಟೆಗೆ ಪೂಜೆ. ಕಪಾಟುಗಳಿಗೆ ಬಾಳೆಕಂದು, ಪರದೆಗಳಿಗೆ ಅರಿಸಿನ ಕುಂಕುಮ. ಒಮ್ಮೆ ಕುಂಕುಮ ಇಟ್ಟ ಮೇಲೆ ಮರುದಿನದ ತನಕ ಕೀಲಿಮಣೆಗೆ ಬೆರಳು ತಾಕಿಸುವಂತಿಲ್ಲ. ನರಗಳು ತಮ್ಮ ಪಾಡಿಗೆ ಓಡುತ್ತಿರುತ್ತವೆ, ನಾವು ಮಾತ್ರ ಮುಟ್ಟುವುದಿಲ್ಲ. ಹತ್ತು ಮುಕ್ಕಾಲಿಗೆ ಆಸ್ಪತ್ರೆಯಿಂದ ಗುರುಮಲ್ಲುವಿನ ಹೆಸರು ಬಂತು. ಪಾಪ, ಒಂದು ದಿನ ಯಾಕೆ ಕಾಯಬೇಕು ಎನಿಸಿತು. ಖಾಲಿ ಗುಂಪಿನಿಂದ ಶುರುಮಾಡಲು ಅರ್ಧ ಗಂಟೆ ಬೇಕು, ಇರುವ ಗುಂಪೊಂದನ್ನು ನಕಲು ಮಾಡಿ ಸಂಖ್ಯೆ ತಿದ್ದಲು ಐದೇ ನಿಮಿಷ. ಪಟ್ಟಿಯ ತುದಿಯಲ್ಲಿದ್ದ ಹೊಂಬಾಳಮ್ಮನ ಗುಂಪನ್ನು ನಕಲು ಮಾಡಿದೆ. ಸಂಖ್ಯೆ ತಿದ್ದಿದೆ. ಪಟ್ಟಿಯ ಕೆಳಗಿನ ಸಾಲುಗಳಿಗೆ ಇಳಿದು ನೋಡುವಷ್ಟರಲ್ಲಿ ಇಮ್ತಿಯಾಜ್ ಕುಂಕುಮದ ಬಟ್ಟಲು ಹಿಡಿದು ನನ್ನ ಪರದೆಯ ಮುಂದೆ ನಿಂತಿದ್ದ. ಹೊಸಬರಿಗೆಲ್ಲ 'ನಕಲು ಮಾಡಬೇಡಿ' ಎಂದು ನಾನೇ ಪಾಠ ಹೇಳುತ್ತಿದ್ದವಳು.

ಹೀಗೆ ಆ ಹೆಂಗಸಿನ ಅಂಗೈ ಎರಡು ಗುಂಪಿನ ಸದಸ್ಯೆಯಾಯಿತು. ಅವಳು ಮುಟ್ಟಿದ್ದು ಅವಳ ಮಿದುಳಿಗೂ ಹೋಗುತ್ತಿತ್ತು, ನೂರು ಕಿಲೋಮೀಟರ್ ದೂರದ ಗುರುಮಲ್ಲುವಿನ ಮಿದುಳಿಗೂ ಹೋಗುತ್ತಿತ್ತು. ಗೋಡೆ ತನಗೆ ಹೇಳಿದಂತೆಯೇ ನಡೆದುಕೊಂಡಿತ್ತು. ಹೇಳಿದವಳು ನಾನು.

ನಮ್ಮ ಮುಖ್ಯಸ್ಥ ಬೋಪಯ್ಯ ಸರ್ ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು. "ವರದಿಯಲ್ಲಿ ನಿಮ್ಮ ಹೆಸರು ಬರೀಬೇಕಾಗತ್ತೆ ಸುಗುಣ."

"ನಾನೇ ಬರೀತೀನಿ ಸರ್."

"ಕೂಡಲೇ ಮುಚ್ಚೋ ಹಾಗಿಲ್ಲ. ನಾಲ್ಕು ತಿಂಗಳು ಒಗ್ಗಿದ ಮಿದುಳು, ಹೇಳದೆ ಕೇಳದೆ ಕಡಿದರೆ ಆ ಕೈಯಲ್ಲಿ ಉರಿ ಶುರುವಾಗಿ ಜೀವನಪರ್ಯಂತ ಉಳಿದುಬಿಡತ್ತೆ. ಇಬ್ಬರಿಗೂ ಮುಖತಃ ಹೇಳಿ. ಮೊದಲು ಆ ಹೆಂಗಸಿಗೆ, ಕೈ ಅವರದು. ನಾಳೆ ಸಂಜೆ ಐದು ಗಂಟೆಗೆ ಇಮ್ತಿಯಾಜ್ ತೆಗೀತಾನೆ. ಅದಕ್ಕಿಂತ ಒಂದು ನಿಮಿಷ ತಡ ಆಗಕೂಡದು."

ಹೊಂಬಾಳಮ್ಮನ ಊರು ಅರೆಕಟ್ಟೆದೊಡ್ಡಿ, ಕನಕಪುರದ ಆಚೆ. ಅವತ್ತೇ ಹೊರಟು ಮಧ್ಯಾಹ್ನ ಮೂರಕ್ಕೆ ಮುಟ್ಟಿದೆ. ಮನೆಯ ಹಿಂದೆ ಉದ್ದನೆಯ ಹುಳುಮನೆ. ಬಾಗಿಲಲ್ಲಿ ಸುಣ್ಣದ ಪುಡಿ, ಕೈ ತೊಳೆಯಲು ಬ್ಲೀಚಿಂಗ್ ನೀರಿನ ಬಕೆಟ್ಟು. ಹೊರಗಿನವರು ರೋಗ ತರುತ್ತಾರೆಂದು ಒಳಗೆ ಬಿಡುವುದಿಲ್ಲ. ಕಿಟಕಿಯ ಬಲೆಯಿಂದಲೇ ನೋಡಿದೆ: ತಟ್ಟೆ ತಟ್ಟೆಗಳ ತುಂಬ ಬೆರಳುದ್ದದ ರೇಷ್ಮೆಹುಳುಗಳು, ಸೊಪ್ಪು ಕಡಿಯುವ ಸರಬರ ಸದ್ದು. ಗುರುಮಲ್ಲುವಿನ ಅಂಗೈಯಲ್ಲಿ ಹರಿದಾಡುತ್ತಿದ್ದವರು ಇವರೇ.

ಹೊಂಬಾಳಮ್ಮ ಸೊಪ್ಪಿನ ಕಂತೆ ಇಳಿಸಿ ಹೊರಗೆ ಬಂದಳು. ಮೂವತ್ತೈದರ ಗಟ್ಟಿ ಹೆಂಗಸು. ಎರಡು ವರ್ಷದ ಹಿಂದೆ ಸೊಪ್ಪು ಕತ್ತರಿಸುವ ಯಂತ್ರಕ್ಕೆ ಸಿಕ್ಕಿದ್ದ ಮೊಣಕೈ ಮೇಲೆ ಉದ್ದನೆಯ ಗೆರೆ ಕಾಣುತ್ತಿತ್ತು. ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟಳು. ನಾನು ಸುತ್ತಿಬಳಸದೆ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಬಲಗೈ ಸೆರಗಿನೊಳಗೆ ಹೋಯಿತು.

"ಅಂದ್ರೆ ಈಗ್ಲೂ ಆವಯ್ಯನಿಗೆ ತಿಳೀತಾ ಐತಾ?"

"ಹೂಂ."

"ನನ್ ಮಗೀಗೆ ಜಡೆ ಹಾಕಿದ್ದು?"

"ಹೂಂ."

"ನಾನು ನೀರು ಹುಯ್ಕೊಂಡಿದ್ದು?"

ನಾನು ತಲೆ ತಗ್ಗಿಸಿದೆ. ಹೊಂಬಾಳಮ್ಮ ಎದ್ದು ನಿಂತಳು. "ಪೂಜೆಗೆ ಹೊತ್ತಾಯ್ತು ಅಂತ ನನ್ ಕೈನ ಇನ್ನೊಬ್ರ ಮನೇಲಿ ಬುಟ್ಬಂದ್ರಾ ನೀವು? ಓದಿದೋರು! ಮೊರ ಮಂಕರಿ ಆದ್ರೂ ತಿರುಗ ಎಣಿಸಿ ಇಡ್ತೀವಲ್ಲವ್ವಾ ನಾವು! ಕೈ ಕಣ್ರೀ ಇದು, ನನ್ ಕೈ!"

ಬೈದಳು. ಚೆನ್ನಾಗಿಯೇ ಬೈದಳು. ಅವಳ ಬೈಗುಳದಲ್ಲಿ ಒಂದೂ ಸುಳ್ಳಿರಲಿಲ್ಲವಾದ್ದರಿಂದ ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಸಾಕಾದ ಮೇಲೆ ಜಗಲಿಯ ತುದಿಗೆ ಹೋಗಿ ನನಗೆ ಬೆನ್ನು ಮಾಡಿ ಕುಳಿತಳು.

"ಎಂಥ ಮನುಷ್ಯ ಅವ್ನು?" ಎಂದು ಕೇಳಿದಳು.

ನನಗೆ ಗೊತ್ತಿದ್ದಷ್ಟು ಹೇಳಿದೆ. ಕಂಬದಿಂದ ಬಿದ್ದದ್ದು. ಮೊದಲು ಹಾವಿನ ಮರಿ ಎಂದುಕೊಂಡು ಕಿರುಚಿದ್ದು. ಜಡೆ ಹಾಕುವಾಗ ಮಗು ತಲೆ ಅಲ್ಲಾಡಿಸುವುದು ಅವನಿಗೆ ಇಷ್ಟವೆಂದು. 'ಅವರಮ್ಮನಿಗೆ ಗೊತ್ತಾ' ಎಂದು ಅವನೇ ಕೇಳಿದ್ದು. ಹೆಂಡತಿ ದಿನವೂ ಕೈ ಹಿಡಿದು ಕೇಳುವುದು, ಇವನು ಹೂಂ ಎನ್ನುವುದು, ಆ ಕೈ ಒಂದು ಮಾತ್ರ ಇವನಿಗೆ ಸಿಗದೇ ಇರುವುದು.

ಹೊಂಬಾಳಮ್ಮ ಸೆರಗಿನಿಂದ ಕೈ ಹೊರಗೆ ತೆಗೆದು, ಅಂಗೈ ಬಿಡಿಸಿ ನೋಡಿಕೊಂಡಳು. ಆಮೇಲೆ ಅದನ್ನು ತೊಡೆಯ ಮೇಲೆ ಮೆಲ್ಲಗೆ ಇಟ್ಟುಕೊಂಡಳು. ಅದರಲ್ಲಿ ಇನ್ನೊಬ್ಬ ಮನುಷ್ಯ ಇದ್ದಾನೆಂಬ ಎಚ್ಚರ ಆ ಇಡುವಿಕೆಯಲ್ಲಿತ್ತು.

"ಮುಚ್ಚಿ," ಎಂದಳು. "ನಾಳೆ ಅಂದ್ರೆ ನಾಳೆ. ಒಂದು ದಿನಾನೂ ಹೆಚ್ಗೆ ಬ್ಯಾಡ. ಅವ್ನು ಒಳ್ಳೆಯೋನೇ ಇರಬೋದು, ನನ್ ಕೈ ನನಗೇ ಬೇಕು." ಎದ್ದು ಸೊಪ್ಪಿನ ಕಂತೆ ಹೊತ್ತುಕೊಂಡು ಎರಡು ಹೆಜ್ಜೆ ಹೋದವಳು ನಿಂತಳು. "ಮುಚ್ಚಾಕ್ ಮುಂಚೆ ಆ ಹೆಣ್ಮಗೀನ ಇಲ್ಲಿಗೆ ಕರ್ಕೊಂಡ್ಬನ್ನಿ."

"ಯಾರನ್ನ?"

"ಅವ್ನ ಹೆಂಡ್ತೀನ ಕಣವ್ವ. ಅವ್ಳ ಕೈನ ಒಸಿ ನಾನು ಹಿಡ್ಕೊತೀನಿ. ಅವ್ನಿಗೆ ಸಿಗ್ಲಿ."

ಇಪ್ಪತ್ತೆಂಟು ಕಪಾಟು, ಅರವತ್ತು ಸಾವಿರ ಯಂತ್ರ, ಹತ್ತೊಂಬತ್ತು ವರ್ಷದ ನನ್ನ ಅನುಭವ. ಈ ಉಪಾಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ದಾರಿಯುದ್ದಕ್ಕೂ ಅತ್ತುಕೊಂಡೇ ಕಾರು ಓಡಿಸಿದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಅಂದು ಸಂಜೆ ಕ್ವಾರ್ಟರ್ಸಿಗೆ ಹೋಗಿ ಇಬ್ಬರ ಎದುರೂ ಎಲ್ಲ ಹೇಳಿದೆ: ಆ ಕೈ ಯಾರದು, ಅದರಲ್ಲಿ ಹರಿದಾಡಿದ್ದು ರೇಷ್ಮೆಹುಳು, ನಾಳೆ ಐದಕ್ಕೆ ಮುಚ್ಚುವುದು, ಅದಕ್ಕೆ ಮುಂಚೆ ಹೊಂಬಾಳಮ್ಮ ರತ್ನಮ್ಮಣ್ಣಿಯನ್ನು ಕರೆದಿರುವುದು. ತಪ್ಪು ನನ್ನದೆಂದು ಎರಡು ಸಲ ಹೇಳಿದೆ. ರತ್ನಮ್ಮಣ್ಣಿ ಮಂಚದ ಅಂಚಿನಲ್ಲಿ ಕುಳಿತು, ಗಂಡನ ಕೈ ತನ್ನ ಕೈಯಲ್ಲಿ ಇದ್ದಂತೆಯೇ ಕೇಳಿದಳು. ಗುರುಮಲ್ಲು ಕಣ್ಣು ಮುಚ್ಚಿಕೊಂಡಿದ್ದ.

"ರತ್ನಾ, ಸುಳ್ಳು ಹೇಳ್ಬಿಟ್ಟೆ ಕಣೆ."

"ಗೊತ್ತು," ಎಂದಳು.

ಅವನು ಕಣ್ಣು ಬಿಟ್ಟ.

"ಸಂಕ್ರಾಂತಿ ದಿನ ನಾನು ಕೈ ಹಿಡೀದೇನೇ ಕೇಳ್ದೆ. ದೂರ ನಿಂತ್ಕೊಂಡು. ನಿಮಗೆ ಕತ್ತು ತಿರುಗಿಸಿ ನೋಡಕ್ಕಾಗಲ್ವಲ್ಲ. ಆಗ್ಲೂ ಹೂಂ ಅಂದ್ರಿ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವು ಯಾಕೆ ಸುಮ್ನಿದ್ರೋ ಅದಕ್ಕೇ," ಎಂದು ಮೂಗು ಒರೆಸಿಕೊಂಡಳು. ನನ್ನ ಕಡೆ ತಿರುಗಿ, "ನಾಳೆ ಎಷ್ಟು ಗಂಟೆಗೆ ಹೊರಡ್ಬೇಕು ಮೇಡಂ?" ಎಂದಳು.

ಆ ಇಬ್ಬರ ಮಧ್ಯೆ ನಾನೊಬ್ಬಳು ಹೆಚ್ಚಾಗಿ ಕಂಡೆ. ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇನೆಂದು ಹೇಳಿ ಎದ್ದೆ.

ಮರುದಿನ ದಾರಿಯಲ್ಲಿ ಒಂದು ಟೈರು ಕೈಕೊಟ್ಟು, ಸ್ಟೆಪ್ನಿಯಲ್ಲೂ ಗಾಳಿಯಿಲ್ಲದೆ, ಅರೆಕಟ್ಟೆದೊಡ್ಡಿ ಮುಟ್ಟಿದಾಗ ನಾಲ್ಕೂವರೆ ಆಗಿತ್ತು. ಹೊಂಬಾಳಮ್ಮ ಹುಳುಮನೆಯ ಬಾಗಿಲಲ್ಲೇ ನಿಂತಿದ್ದಳು. ತಲೆ ಕೆದರಿತ್ತು, ಮಾತು ಮೊಟಕು. ಮತ್ತೆ ಮತ್ತೆ ಒಳಗಿನ ತಟ್ಟೆಗಳ ಕಡೆ ತಿರುಗಿ ನೋಡುತ್ತಿದ್ದಳು. ಮನಸ್ಸು ಬದಲಾಯಿಸಿದಳೇನೋ, ನಿನ್ನೆಯ ಸಿಟ್ಟು ಮರಳಿತೇನೋ ಎಂದು ನನಗೆ ಅಳುಕು.

"ಕೈ ತೊಳ್ಕೊಂಡು ಒಳಿಕ್ ಬನ್ನಿ," ಎಂದಳು.

ರತ್ನಮ್ಮಣ್ಣಿ ಬ್ಲೀಚಿಂಗ್ ನೀರಿನಲ್ಲಿ ಮೊಣಕೈವರೆಗೂ ತೊಳೆದುಕೊಂಡಳು. ಸುಣ್ಣ ತುಳಿದು ಮೂವರೂ ಒಳಗೆ ಹೋದೆವು. ಅಲ್ಲಿದ್ದ ಒಂದು ಚಾಪೆಯ ಮೇಲೆ ಇಬ್ಬರು ಹೆಂಗಸರೂ ಎದುರುಬದುರು ಕುಳಿತರು. ಒಬ್ಬರ ಮುಖ ಒಬ್ಬರು ನೋಡಲು ಇಬ್ಬರಿಗೂ ಸಂಕೋಚ. ರತ್ನಮ್ಮಣ್ಣಿ ಫೋನು ಹಚ್ಚಿ ನೆಲದ ಮೇಲಿಟ್ಟಳು; ಆ ಕಡೆ ಪಕ್ಕದ ಮನೆಯವರು ಗುರುಮಲ್ಲುವಿನ ದಿಂಬಿನ ಮೇಲೆ ಫೋನು ಇಟ್ಟು ಹೋಗಿದ್ದರು. ನನ್ನ ಫೋನಿನಲ್ಲಿ, ಕಿವಿಯೊಳಗೆ, ಕೇಂದ್ರದಿಂದ ಇಮ್ತಿಯಾಜ್.

"ಕೊಡಿ ನಿಮ್ ಕೈನ," ಎಂದಳು ಹೊಂಬಾಳಮ್ಮ.

ರತ್ನಮ್ಮಣ್ಣಿ ಕೊಟ್ಟಳು. ಹೊಂಬಾಳಮ್ಮ ಅದನ್ನು ತನ್ನ ಬಲಗೈಯಲ್ಲಿ ತೆಗೆದುಕೊಂಡು ಬೆರಳು ಮುಚ್ಚಿದಳು.

ಫೋನಿನಲ್ಲಿ ಉಸಿರಿನ ಸದ್ದಷ್ಟೇ ಕೇಳುತ್ತಿತ್ತು. ಆಮೇಲೆ ಗುರುಮಲ್ಲು, "ಯಾಕೆ ಇಷ್ಟು ತಣ್ಣಗಿದೆ?" ಎಂದ.

ರತ್ನಮ್ಮಣ್ಣಿ ಇನ್ನೊಂದು ಕೈಯಿಂದ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಊಟ ಮಾಡಿಲ್ವಾ ನೀನು? ಕೈ ನಡುಗ್ತಾ ಇದೆ."

"ಬ್ಲೀಚಿಂಗ್ ನೀರು ರೀ. ತೊಳ್ಕೊಂಡೆ," ಎಂದಳು. ಹೇಳುತ್ತಿದ್ದಂತೆ ಅಳು ಒತ್ತಿಕೊಂಡು ಬಂತು. ಈ ಸಲ ಅವಳು ಏನನ್ನೂ ಕೇಳಬೇಕಾಗಿರಲಿಲ್ಲ.

ಹೊಂಬಾಳಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಆದರೆ ಅವಳ ಹೆಬ್ಬೆರಳು ರತ್ನಮ್ಮಣ್ಣಿಯ ಅಂಗೈ ಮೇಲೆ ನಿಧಾನವಾಗಿ ಓಡಾಡಿತು. ಬೆರಳುಗಳ ಬುಡ, ಗೆಣ್ಣು, ಮಣಿಕಟ್ಟು. ಒಂದು ಜಾಗವನ್ನೂ ಬಿಡದೆ ತೋರಿಸಿಕೊಡುತ್ತಿದ್ದಳು.

"ರತ್ನಾ, ನಿನ್ ಕೈ ಇಷ್ಟು ಒರಟಿತ್ತಾ?" ಎಂದ ಗುರುಮಲ್ಲು. "ಮೊದ್ಲು ಹಿಂಗಿರ್ಲಿಲ್ಲ. ಬೆರಳ ಬುಡದಲ್ಲೆಲ್ಲ ಜಡ್ಡು. ಇದೆಲ್ಲ ನನ್ನನ್ನ ಎತ್ತಿ ಕೂರ್ಸಿ, ಎತ್ತಿ ಮಲಗ್ಸಿ ಆಗಿದ್ದಾ?"

"ಅಯ್ಯೋ, ಬಟ್ಟೆ ಒಗೆದು ಆಗಿರೋದು. ಸುಮ್ನಿರಿ."

"ಸುಳ್ಳು ಹೇಳ್ಬೇಡ ಕಣೆ. ಈಗ ನಂಗೆ ಗೊತ್ತಾಗತ್ತೆ."

ಅವನು ಅಳುತ್ತಿದ್ದ. ಇವಳೂ ಅಳುತ್ತಿದ್ದಳು. ನಡುವೆ ಹೊಂಬಾಳಮ್ಮ ಕೈಯನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದಳು. ನಾನು ಕಟ್ಟಿದ ನಾಲ್ಕು ಸಾವಿರ ಗುಂಪುಗಳಲ್ಲಿ ತಪ್ಪಾಗಿ ಕಟ್ಟಿದ್ದು ಇದೊಂದೇ. ಆದರೂ ಅದನ್ನು ಬಿಚ್ಚಲು ನನಗೆ ಸಂಕಟವಾಯಿತು.

"ಮೇಡಂ, ಐದಕ್ಕೆ ಎರಡು ನಿಮಿಷ," ಎಂದ ಇಮ್ತಿಯಾಜ್ ಕಿವಿಯಲ್ಲಿ. ಅವನ ದನಿಯೂ ಸರಿಯಿರಲಿಲ್ಲ.

"ಗುರುಮಲ್ಲು ಅವರೇ, ಹೊತ್ತಾಯ್ತು. ಸಿದ್ಧ ಇದೀರಾ?" ಎಂದು ಕೇಳಿದೆ.

"ಒಂದ್ನಿಮಿಷ ಮೇ‌ಡಂ. ಆ ತಾಯಿಗೆ ಒಂದ್ ಮಾತು. ಅಮ್ಮಾ, ಹೇಳದೆ ಕೇಳದೆ ನಿಮ್ ಮನೇಲಿ ಇದ್ದುಬಿಟ್ಟೆ. ತಪ್ಪಾಯ್ತು."

ಹೊಂಬಾಳಮ್ಮ ಗೋಡೆ ನೋಡುತ್ತಲೇ, "ತಪ್ಪು ನಿಮ್ದಲ್ಲ ಬುಡಿ ಅಣ್ಣ," ಎಂದಳು.

"ಇಮ್ತಿಯಾಜ್, ತೆಗಿ," ಎಂದೆ.

ಹುಳುಮನೆಯಲ್ಲಿ ಏನೂ ಆಗಲಿಲ್ಲ. ಇಬ್ಬರ ಕೈಯೂ ಹಿಡಿದಿದ್ದಂತೆಯೇ ಇತ್ತು. ಫೋನಿನಿಂದ ಒಂದು ಸಣ್ಣ ಉಸಿರು ಬಂತು. "ಹೋಯ್ತು," ಎಂದ ಗುರುಮಲ್ಲು.

ಉರಿ ಇದೆಯೇ ಎಂದು ಕೇಳಿದೆ. ಇಲ್ಲ, ಬರೀ ಖಾಲಿ, ಎಂದ. ನಾನು ಬ್ಯಾಗು ಎತ್ತಿಕೊಂಡೆ. ಹೊಂಬಾಳಮ್ಮ ನಿಧಾನವಾಗಿ ರತ್ನಮ್ಮಣ್ಣಿಯ ಕೈ ಬಿಟ್ಟಳು.

ಆಗ ಗುರುಮಲ್ಲು ಗಂಟಲು ಸರಿಮಾಡಿಕೊಂಡು, "ರತ್ನಾ, ಈಗ್ಲೇ ಹೊರಡ್ಬೇಡ," ಎಂದ. "ಬೆಳಿಗ್ಗೆ ಆಯಮ್ಮ ಮುಟ್ಟಿದಾಗ ಹುಳದ ಮೈ ಸಡಿಲ ಆಗಿತ್ತು. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಂದು ದಿನ ಹಂಗಾಗತ್ತೆ. ಅವತ್ತು ಆ ಕೈಗೆ ಒಂದು ಚೂರೂ ಪುರುಸೊತ್ತಿರಲ್ಲ, ಆರಿಸಿ ಆರಿಸಿ ಬೆರಳೆಲ್ಲ ಜೋಮು ಹಿಡಿಯತ್ತೆ. ಇವತ್ತು ಆ ಕೆಲಸ ಬಿಟ್ಟು ನಿನ್ ಕೈ ಹಿಡ್ಕೊಂಡು ಕೂತವ್ರೆ. ನೀನು ಇದ್ದು ಮಾಡ್ಕೊಟ್ಟು ಬಾ."

ಹೊಂಬಾಳಮ್ಮ ಫೋನನ್ನೇ ನೋಡಿದಳು. ಆಗಷ್ಟೇ ನನಗೆ ಅವಳ ಕೆದರಿದ ತಲೆ, ಮೊಟಕು ಮಾತು, ತಟ್ಟೆಗಳ ಕಡೆ ಹೋಗುತ್ತಿದ್ದ ನೋಟ ಅರ್ಥವಾಯಿತು. ಹುಳು ಹಣ್ಣಾಗಿದ್ದವು, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾಗಿದ್ದವು. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಚಂದ್ರಿಕೆಯ ಮೇಲೆ ಬಿಡದಿದ್ದರೆ ಸಿಕ್ಕ ಸಿಕ್ಕಲ್ಲಿ ನೂಲು ಉಗುಳಿ ಗೂಡು ಕೆಡುತ್ತದೆ. ಊರಿನಲ್ಲಿ ಅವತ್ತು ಎಲ್ಲರ ಮನೆಯಲ್ಲೂ ಅದೇ ಪಾಡು, ಕರೆದರೆ ಬರುವವರಿಲ್ಲ. ಅವಳು ಅದರ ಬಗ್ಗೆ ಒಂದಕ್ಷರ ಹೇಳಿರಲಿಲ್ಲ.

"ಮೈಸೂರ್ನಾಗೆ ಮಲಗಿರೋರ್ಗೆ ನಮ್ ಹುಳ ಹಣ್ಣಾಗಿರೋದು ಗೊತ್ತಾಗೈತಲ್ಲವ್ವಾ," ಎಂದು ಹೊಂಬಾಳಮ್ಮ ಮೊದಲ ಸಲ ನಕ್ಕಳು. ಕಣ್ಣು ಒರೆಸಿಕೊಂಡು ಎದ್ದು, ಗೋಡೆಗೆ ಒರಗಿಸಿದ್ದ ಚಂದ್ರಿಕೆಯನ್ನು ಎಳೆದು ಮಲಗಿಸಿದಳು. ಬಿದಿರಿನ ಆ ದೊಡ್ಡ ತಟ್ಟಿಯ ಸುತ್ತುಗಳ ಮಧ್ಯೆ ಹುಳುಗಳು ಗೂಡು ಕಟ್ಟಬೇಕು.

ರತ್ನಮ್ಮಣ್ಣಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತಟ್ಟೆಯ ಮುಂದೆ ನಿಂತು, ಹರಿದಾಡುವ ರಾಶಿಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. "ರೀ, ಯಾವ್ದು ಹಣ್ಣು, ಯಾವ್ದು ಕಾಯಿ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಹೆದರ್ಬೇಡ. ಎರಡು ಬೆರಳಲ್ಲಿ ಮೆಲ್ಲಗೆ ಎತ್ತು," ಎಂದ ಗುರುಮಲ್ಲು. "ಬಿಗಿಯಾಗಿದ್ರೆ ಬಿಟ್ಬಿಡು, ಅದಕ್ಕಿನ್ನೂ ಹಸಿವಿದೆ. ಮೈ ಸೋತು, ನಿನ್ ಬೆರಳಿಗೇ ಒರಗಿಕೊಂಡ್ರೆ ತಗೋ."

ಹೊಂಬಾಳಮ್ಮ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಹೌದು ಎಂಬಂತೆ ತಲೆಯಾಡಿಸಿದಳು.

ರತ್ನಮ್ಮಣ್ಣಿ ಉಸಿರು ಬಿಗಿಹಿಡಿದು ಒಂದನ್ನು ಎತ್ತಿದಳು, ತಿರುಗಿ ಇಟ್ಟಳು. ಇನ್ನೊಂದನ್ನು ಎತ್ತಿದಳು. ಅದನ್ನು ಅಂಗೈ ಮೇಲಿಟ್ಟುಕೊಂಡು, ಫೋನಿನ ಕಡೆ ಬಾಗಿ, "ಇದು ಒರಗ್ತಾ ಇದೆ ರೀ," ಎಂದಳು.